ಆರೂ ಮಂದಿ ಕ್ಲೆರಿಕ್‌: ಐಸ್‌ವಿಂಡ್ ಡೇಲ್ ವರ್ಷಗಟ್ಟಲೆ ಆಡಿದವನ ವಿಮರ್ಶೆ

ಕೊಪ್ಪಳದ ಬೇಸಿಗೆಯಲ್ಲಿ ಹಿಮ ನೋಡಬೇಕು ಅಂದ್ರೆ ನನ್ನ ಹತ್ತಿರ ಇರುವುದು ಇದೊಂದೇ ದಾರಿ: ‘ಐಸ್‌ವಿಂಡ್ ಡೇಲ್: ಎನ್‌ಹಾನ್ಸ್ಡ್ ಎಡಿಷನ್’. ಮೂಲ ಗೇಮ್ 2000ದಲ್ಲಿ ಬಂದದ್ದು, ಮಾಡಿದವರು ಬ್ಲಾಕ್ ಐಲ್ ಸ್ಟುಡಿಯೋಸ್. ಅದನ್ನು ಈಗಿನ ಕಂಪ್ಯೂಟರ್, ಮೊಬೈಲ್‌ಗಳಿಗೆ ಹೊಂದಿಸಿ 2014ರಲ್ಲಿ ಬೀಮ್‌ಡಾಗ್ ಮತ್ತೆ ಹೊರತಂದಿತು. ಹಾರ್ಟ್ ಆಫ್ ವಿಂಟರ್, ಟ್ರಯಲ್ಸ್ ಆಫ್ ದಿ ಲೂರ್‌ಮಾಸ್ಟರ್ ಎಂಬ ಎರಡು ಹೆಚ್ಚುವರಿ ಕಥೆಗಳೂ ಅದರೊಳಗೇ ಇವೆ. ಕೆಲವು ವರ್ಷಗಳಿಂದ ನನ್ನ ಹಳೇ ಲ್ಯಾಪ್‌ಟಾಪ್‌ನಿಂದ ಇದು ಹೋಗಿಲ್ಲ. ಬೇರೆ ಎಷ್ಟೋ ಗೇಮ್ ಹಾಕಿದೆ, ತೆಗೆದೆ.

ಆದರೆ ನಾನು ಆಡುವ ರೀತಿ ಸ್ವಲ್ಪ ಬೇರೆ. ಈ ಗೇಮ್‌ನಲ್ಲಿ ಆರು ಜನರ ಪಾರ್ಟಿಯನ್ನು, ಅಂದರೆ ತಂಡವನ್ನು, ನಾವೇ ಕಟ್ಟಬೇಕು. ಹೊಡೆದಾಡಲು ಇಬ್ಬರು ಫೈಟರ್, ಗಾಯ ವಾಸಿ ಮಾಡಲು ಒಬ್ಬ ಕ್ಲೆರಿಕ್, ಬೀಗ ತೆಗೆಯಲು ಒಬ್ಬ ಥೀಫ್, ಬೆಂಕಿಯುಂಡೆ ಎಸೆಯಲು ಒಬ್ಬ ಮೇಜ್, ಆರನೆಯವನು ನಿಮ್ಮಿಷ್ಟ. ಇದು ರೂಢಿ. ಹೀಗೆ ಕಟ್ಟಿದರೆ ಗೇಮ್ ಚೆನ್ನಾಗಿಯೇ ನಡೆಯುತ್ತದೆ. ಒಂದು ಸಲ ಹಾಗೆ ಮುಗಿಸಿದ ಮೇಲೆ ನಾನು ಆರೂ ಜನರನ್ನು ಒಂದೇ ಕ್ಲಾಸ್‌ನಿಂದ, ಅಂದರೆ ಒಂದೇ ಕಸುಬಿನಿಂದ, ಆರಿಸಲು ಶುರು ಮಾಡಿದೆ. ಅರ್ಧ ಕ್ಲೆರಿಕ್ ಅರ್ಧ ಥೀಫ್ ಅನ್ನುವಂಥ ಮಿಶ್ರ ಕ್ಲಾಸ್ ಕೂಡ ಬೇಡ, ಅದು ಕಳ್ಳದಾರಿ. ಫೈಟರ್, ಥೀಫ್, ಮೇಜ್ ಎಲ್ಲಾ ನೋಡಿದೆ. ಪೂರ್ತಿ ಖುಷಿ ಕೊಟ್ಟದ್ದು ಕ್ಲೆರಿಕ್. ದೇವರ ಬಲದಿಂದ ಮಂತ್ರ ಹಾಕುವ, ಮೈಮೇಲೆ ಕಬ್ಬಿಣದ ಕವಚ ತೊಟ್ಟ ಪೂಜಾರಿ ಅಂದುಕೊಳ್ಳಿ.

ನನ್ನ ಅಕ್ಕನ ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದ. “ಮಾಮಾ, ಎಲ್ಲಾರೂ ಪೂಜಾರಿಗೋಳೇ ಆದ್ರ ಬಡಿದಾಡೋರು ಯಾರು?” ಎಂದ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ: ಆರೂ ಜನ.

ಈ ಗೇಮ್ ನಡೆಯುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ದಾಳ ಹಾಕಿ ಕೂತು ಆಡುವ ಆಟದ ಹಳೆಯ ಎರಡನೇ ಆವೃತ್ತಿಯ ನಿಯಮಗಳ ಮೇಲೆ. ಅದರಲ್ಲಿ ಮೇಜ್‌ಗೆ ಕವಚ ಇಲ್ಲ, ಥೀಫ್‌ಗೆ ಭಾರದ ಕವಚ ಇಲ್ಲ. ಕ್ಲೆರಿಕ್‌ಗೆ ಯಾವ ಕವಚವೂ ಆಗುತ್ತದೆ, ಗುರಾಣಿಯೂ ಆಗುತ್ತದೆ. ಅಂದರೆ ಪಾರ್ಟಿಯಲ್ಲಿ ಹಿಂದೆ ಬಚ್ಚಿಡಬೇಕಾದವರು ಯಾರೂ ಇಲ್ಲ. ಶತ್ರುಗಳು ಹಿಂದಿನಿಂದ ಬಂದರೂ ಅಷ್ಟೇ, ಪಕ್ಕದಿಂದ ಬಂದರೂ ಅಷ್ಟೇ. ಮೇಜ್ ಇರುವ ಪಾರ್ಟಿಯಲ್ಲಿ ಅರ್ಧ ಗಮನ ಅವನನ್ನು ಕಾಪಾಡುವುದರಲ್ಲೇ ಹೋಗುತ್ತದೆ. ಇಲ್ಲಿ ಆ ತಲೆನೋವಿಲ್ಲ.

ಇನ್ನೊಂದು ಲೆಕ್ಕ ನೋಡಿ. ಮೊದಲ ಲೆವೆಲ್‌ನ ಕ್ಲೆರಿಕ್‌ಗೆ ಒಂದೇ ಮಂತ್ರ. ಪಾತ್ರ ಕಟ್ಟುವಾಗ ವಿಸ್ಡಮ್ (ವಿವೇಕ) ಎಂಬ ಗುಣಕ್ಕೆ 18 ಇಟ್ಟರೆ ಇನ್ನೆರಡು ಸೇರುತ್ತವೆ. ಒಬ್ಬನಿಗೆ 3, ಆರು ಜನಕ್ಕೆ 18. ಅದೇ ಹೊತ್ತಿನಲ್ಲಿ ಆರು ಮೇಜ್‌ಗಳು ಒಂದೊಂದು ಮಂತ್ರ ಹಾಕಿ ಕೈ ಖಾಲಿ ಮಾಡಿಕೊಂಡು ನಿಂತಿರುತ್ತಾರೆ. ಕ್ಲೆರಿಕ್ ಬೇಗ ಬೆಳೆಯುತ್ತಾನೆ ಕೂಡ. ಎರಡನೇ ಲೆವೆಲ್‌ಗೆ ಅವನಿಗೆ 1,500 ಅನುಭವದ ಅಂಕ ಸಾಕು. ಫೈಟರ್‌ಗೆ 2,000, ಮೇಜ್‌ಗೆ 2,500 ಬೇಕು. ಬಂದ ಅಂಕ ಆರು ಜನರಿಗೂ ಸಮನಾಗಿ ಹಂಚಿಹೋಗುವುದರಿಂದ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಕಥೆ ಶುರುವಾಗುವುದು ಈಸ್ಟ್‌ಹೇವನ್ ಎಂಬ ಮೀನುಗಾರರ ಊರಿನಲ್ಲಿ. ಗಾಬ್ಲಿನ್, ಆರ್ಕ್ ಎಂಬ ರಾಕ್ಷಸರ ಜೊತೆ ಒಂದಿಷ್ಟು ಜಗಳ. ಅಲ್ಲಿ ನಮ್ಮ ಆರು ಜನರೂ ಕವಣೆ ಹಿಡಿದು ದೂರದಿಂದಲೇ ಗುಂಡು ಬೀಸುತ್ತಾರೆ, ಹತ್ತಿರ ಬಂದವನಿಗೆ ಗದೆಯ ಏಟು. ಆಮೇಲೆ ಕುಲ್ಡಹಾರ್ ಎಂಬ ಊರಿಗೆ ಹೊರಟ ತಂಡದ ಮೇಲೆ ಹಿಮ ಕುಸಿದು, ಉಳಿಯುವುದು ನಾವು ಮಾತ್ರ. ಇಷ್ಟು ಹೇಳಿದರೆ ಕಥೆ ಕೆಡುವುದಿಲ್ಲ, ಇದೆಲ್ಲಾ ಆರಂಭದಲ್ಲೇ ಆಗುತ್ತದೆ.

ನಿಜವಾದ ಮಜಾ ಇರುವುದು ಮುಂದಿನ ವೇಲ್ ಆಫ್ ಶಾಡೋಸ್‌ನಲ್ಲಿ. ಸಮಾಧಿಗಳ ಕಣಿವೆ ಅದು. ಒಳಗೆಲ್ಲಾ ಅಸ್ಥಿಪಂಜರಗಳು, ನಡೆದಾಡುವ ಹೆಣಗಳು. ಮಾಮೂಲಿ ಪಾರ್ಟಿಗೆ ಇದು ಗೇಮ್‌ನ ಮೊದಲ ದೊಡ್ಡ ಪರೀಕ್ಷೆ. ಅಸ್ಥಿಪಂಜರಕ್ಕೆ ಬಾಣ, ಕತ್ತಿಯ ಏಟು ಸರಿಯಾಗಿ ನಾಟುವುದಿಲ್ಲ. ಮೇಜ್‌ಗಳು ನೆಚ್ಚಿಕೊಂಡ ನಿದ್ದೆಯ ಮಂತ್ರ ಸತ್ತವರ ಮೇಲೆ ನಡೆಯುವುದೇ ಇಲ್ಲ. ಆದರೆ ಕ್ಲೆರಿಕ್ ಹಿಡಿಯುವುದೇ ಗದೆ, ಸುತ್ತಿಗೆ, ದೊಣ್ಣೆ. ಕತ್ತಿ ಹಿಡಿಯಲು ಅವನಿಗೆ ನಿಯಮದಲ್ಲೇ ಅವಕಾಶವಿಲ್ಲ. ಬೇರೆ ಕಡೆ ಕೊರತೆ ಅನಿಸುವ ಈ ನಿಯಮ ಇಲ್ಲಿ ವರ. ಅದರ ಮೇಲೆ ‘ಟರ್ನ್ ಅನ್‌ಡೆಡ್’ ಬೇರೆ. ಆ ಗುಂಡಿ ಒತ್ತಿ ನಿಂತರೆ ಹೆಣಗಳು ಹೆದರಿ ಓಡುತ್ತವೆ. ಲೆವೆಲ್ ಏರಿದ ಮೇಲೆ ಸಣ್ಣವು ನಿಂತಲ್ಲೇ ಪುಡಿಯಾಗುತ್ತವೆ. ಒಂದು ಕಿರಿಕಿರಿ ಇದೆ: ಹೆದರಿ ಓಡಿದವು ಸಮಾಧಿಯ ಮೂಲೆಮೂಲೆ ಸೇರಿಕೊಳ್ಳುತ್ತವೆ, ಹುಡುಕಿ ಹೊಡೆಯಬೇಕು. ಅದಕ್ಕೇ ನಾನು ಇಬ್ಬರಿಗಷ್ಟೇ ಆ ಕೆಲಸ ಕೊಟ್ಟು ಉಳಿದವರನ್ನು ಬಾಗಿಲ ಬಳಿ ನಿಲ್ಲಿಸುತ್ತೇನೆ.

ಒಂದೇ ಕ್ಲಾಸ್ ಅಂದರೆ ಆರು ಜನರೂ ಒಂದೇ ಥರ, ಬೇಜಾರು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನನಗೆ ಹಾಗಾಗಲಿಲ್ಲ. ನಮ್ಮ ಗವಿಮಠದ ಜಾತ್ರೆಯ ದಾಸೋಹದಲ್ಲಿ ಬಡಿಸುವವರನ್ನು ನೋಡಿದ್ದೀರಲ್ಲ? ಎಲ್ಲರೂ ಸೇವೆಗೆ ಬಂದ ಭಕ್ತರೇ. ಆದರೆ ಒಬ್ಬ ರೊಟ್ಟಿ, ಒಬ್ಬ ಪಲ್ಯ, ಒಬ್ಬ ಮಾದಲಿ ಹಿಡಿದ ಕೂಡಲೇ ಅವರವರ ನಡಿಗೆಯೇ ಬೇರೆಯಾಗುತ್ತದೆ. ಇಲ್ಲೂ ಹಾಗೇ. ನನ್ನ ಪಾರ್ಟಿಯಲ್ಲಿ ಗವಿಸಿದ್ದ ಮುಂದೆ ನಿಲ್ಲುವವನು. ಅವನಿಗೆ ಸ್ಟ್ರೆಂತ್ ಜಾಸ್ತಿ, ಮಂತ್ರಗಳಲ್ಲಿ ಮೈಬಲ ಏರಿಸುವ ‘ಡ್ರಾ ಅಪಾನ್ ಹೋಲಿ ಮೈಟ್’. ಹುಲಿಗೆಮ್ಮನ ಹತ್ತಿರ ಬರೀ ತಡೆಯುವ ಮಂತ್ರ: ಮನುಷ್ಯರಂಥ ಶತ್ರುಗಳನ್ನು ಕಲ್ಲಿನಂತೆ ನಿಲ್ಲಿಸುವ ‘ಹೋಲ್ಡ್ ಪರ್ಸನ್’, ಮಂತ್ರವಾದಿಗಳ ಬಾಯಿ ಕಟ್ಟುವ ‘ಸೈಲೆನ್ಸ್’. ಅಮರೇಶ ಗಾಯ ವಾಸಿ ಮಾಡುವವನು. ಯಮನೂರ ಬಲೆಗಳನ್ನು ಹುಡುಕುವವನು. ಉಳಿದಿಬ್ಬರು ಹೆಣ ಎಬ್ಬಿಸುವವರು. ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಹಾಕಿದ್ದೇನೆ. ಫೇರೂನ್ ಲೋಕದ ಹಿಮದಲ್ಲಿ ಹುಲಿಗೆಮ್ಮ ಗದೆ ಹಿಡಿದು ಓಡುವುದು ನೋಡಿದರೆ ನನಗೆ ಈಗಲೂ ನಗು ಬರುತ್ತದೆ.

ಹೆಣ ಎಬ್ಬಿಸುವುದು ಅಂದೆನಲ್ಲ, ಅದೇ ಈ ಪಾರ್ಟಿಯ ಬ್ರಹ್ಮಾಸ್ತ್ರ. ‘ಅನಿಮೇಟ್ ಡೆಡ್’ ಮೂರನೇ ದರ್ಜೆಯ ಮಂತ್ರ, ಐದನೇ ಲೆವೆಲ್‌ಗೆ ಸಿಗುತ್ತದೆ. ಅದಕ್ಕೆ ಬೇಕಾದ್ದು ತಲಾ 13,000 ಅಂಕ. ನಮ್ಮ ಪರವಾಗಿ ಅಸ್ಥಿಪಂಜರಗಳು ಎದ್ದು ಮುಂದೆ ನಿಲ್ಲುತ್ತವೆ. ಒಂದು ಸಲಕ್ಕೆ ಇಷ್ಟೇ ಎಂದು ಮಿತಿ ಇದೆ, ಆದರೆ ಸತ್ತಂತೆ ಇನ್ನೊಂದು ಎಬ್ಬಿಸಬಹುದು. ಬಲೆ ಇರುವ ಜಾಗದಲ್ಲೂ ಅವುಗಳನ್ನೇ ಮುಂದೆ ಕಳಿಸುತ್ತೇನೆ. ಯಮನೂರನ ‘ಫೈಂಡ್ ಟ್ರ್ಯಾಪ್ಸ್’ ಬಲೆ ತೋರಿಸುತ್ತದೆ ಅಷ್ಟೇ, ಬಿಚ್ಚುವುದಿಲ್ಲ. ಬಿಚ್ಚಲು ಥೀಫ್ ಬೇಕು. ಬೀಗದ ಕಥೆಯೂ ಇದೇ. ಗವಿಸಿದ್ದ ಪೆಟ್ಟಿಗೆಗೆ ಗುದ್ದಿ ಗುದ್ದಿ ಒಡೆಯುತ್ತಾನೆ. ಕೆಲವು ಒಡೆಯುವುದೇ ಇಲ್ಲ, ಬಿಟ್ಟು ಮುಂದೆ ಹೋಗಬೇಕು. ಒಳಗೆ ಏನಿತ್ತೋ ಅನ್ನುವ ಸಂಕಟ ಹೋಗಲು ನನಗೆ ಒಂದಿಷ್ಟು ಕಾಲ ಹಿಡಿಯಿತು.

ಒಂದು ಎಚ್ಚರಿಕೆ. ಒಂದೇ ಆಶೀರ್ವಾದವನ್ನು ಆರು ಜನ ಹಾಕಿದರೆ ಆರು ಪಟ್ಟು ಬಲ ಬರುತ್ತದೆ ಅಂದುಕೊಳ್ಳಬೇಡಿ. ‘ಬ್ಲೆಸ್’ ಒಬ್ಬ ಹಾಕಿದರೆ ಸಾಕು. ಹಾಗಾಗಿ ಆರು ಜನರ ಮಂತ್ರಪಟ್ಟಿಯನ್ನು ಕೂತು ಹಂಚಬೇಕಾಗುತ್ತದೆ. ಮಾಮೂಲಿ ಪಾರ್ಟಿಯಲ್ಲಿ ನಾನು ಕ್ಲೆರಿಕ್‌ಗೆ ವಾಸಿ ಮಾಡುವ ಮಂತ್ರ ತುಂಬಿ ಮರೆತುಬಿಡುತ್ತಿದ್ದೆ. ಈ ರೀತಿ ಆಡಿದಾಗ ಪ್ರತಿ ಮಂತ್ರದ ವಿವರಣೆ ಓದಿದೆ. ‘ಕಮಾಂಡ್’ ಎಂಬ ಮೊದಲ ದರ್ಜೆಯ ಪುಟ್ಟ ಮಂತ್ರ ಎಂಥ ಉಪಯೋಗದ್ದು ಅಂತ ಆಗಲೇ ತಿಳಿದದ್ದು.

ಡ್ರ್ಯಾಗನ್ಸ್ ಐ ಎಂಬ ಗುಹೆಗೆ ಬಂದಾಗ ತಿಣುಕಾಟ ಶುರು. ಅಲ್ಲಿನ ಟ್ರೋಲ್ ಎಂಬ ದೈತ್ಯಪ್ರಾಣಿಗಳು ಬಿದ್ದರೂ ಸಾಯುವುದಿಲ್ಲ. ಬೆಂಕಿ ಅಥವಾ ಆಸಿಡ್ ತಾಗಿಸಬೇಕು, ಇಲ್ಲದಿದ್ದರೆ ಮತ್ತೆ ಏಳುತ್ತವೆ. ಕ್ಲೆರಿಕ್‌ಗೆ ಬೆಂಕಿ ಸುರಿಸುವ ‘ಫ್ಲೇಮ್ ಸ್ಟ್ರೈಕ್’ ಸಿಗುವುದು ಒಂಬತ್ತನೇ ಲೆವೆಲ್‌ಗೆ, ತಲಾ 2,25,000 ಅಂಕ ಆದಮೇಲೆ. ಈ ಗುಹೆಗೆ ಬರುವಷ್ಟರಲ್ಲಿ ಆರು ಜನರ ಪಾರ್ಟಿ ಅಲ್ಲಿಗೆ ಮುಟ್ಟಿರುವುದಿಲ್ಲ. ಬೆಂಕಿ ಹತ್ತಿಸುವ ಸೀಸೆ, ಅಂಥ ಆಯುಧ ಏನು ಸಿಕ್ಕರೂ ಮಾರದೆ ಇಟ್ಟುಕೊಂಡಿರಿ. ಮೇಜ್ ಇದ್ದಿದ್ದರೆ ಇದು ಚಿಟಿಕೆ ಹೊಡೆದಷ್ಟು ಸುಲಭ.

ಆಮೇಲೆ ಗೇಮ್‌ನ ದ್ವಿತೀಯಾರ್ಧ. ಇಲ್ಲಿ ನಾನು ಪ್ರಾಮಾಣಿಕವಾಗಿ ಹೇಳಬೇಕು: ಎಳೆಯುತ್ತದೆ. ಫೈಟರ್ ಏಳನೇ ಲೆವೆಲ್‌ನಿಂದ ಕಾಳಗದ ಎರಡು ರೌಂಡ್‌ಗಳಲ್ಲಿ ಮೂರು ಏಟು ಹೊಡೆಯುತ್ತಾನೆ, ಹದಿಮೂರಕ್ಕೆ ರೌಂಡ್‌ಗೆ ಎರಡು. ಕ್ಲೆರಿಕ್‌ದು ಕೊನೆಯವರೆಗೂ ರೌಂಡ್‌ಗೆ ಒಂದೇ ಏಟು. ಗುರಿ ಸುಧಾರಿಸುವುದೂ ನಿಧಾನ. ಹೀಗಾಗಿ ಡಾರ್ನ್ಸ್ ಡೀಪ್‌ನ ಕಾಳಗಗಳು ಮುಗಿಯುವುದೇ ಇಲ್ಲ ಅನಿಸುತ್ತದೆ. ನಾವು ಸಾಯುವುದು ಕಮ್ಮಿ, ಶತ್ರು ಸಾಯುವುದೂ ಕಮ್ಮಿ. ಶತ್ರುಗಳ ಮಂತ್ರವಾದಿಗಳನ್ನು ಮಾತ್ರ ‘ಸೈಲೆನ್ಸ್’, ‘ಡಿಸ್ಪೆಲ್ ಮ್ಯಾಜಿಕ್’ ಎರಡರಿಂದ ಆರಾಮಾಗಿ ಕಟ್ಟಿಹಾಕಬಹುದು.

ಸಾಮಾನುಗಳದ್ದು ಇನ್ನೊಂದು ಗೋಳು. ಒಳ್ಳೆಯ ಗದೆ ಒಂದು ಸಿಕ್ಕರೆ ಆರು ಜನಕ್ಕೂ ಬೇಕು. ಕತ್ತಿ, ಬಿಲ್ಲು ರಾಶಿರಾಶಿ ಸಿಗುತ್ತವೆ, ಒಂದೂ ನಮಗಾಗುವುದಿಲ್ಲ. ನಿಧಿಯಲ್ಲಿ ಎಷ್ಟೋ ವಸ್ತುಗಳನ್ನು ಗೇಮ್ ತನ್ನ ಮನಸ್ಸಿಗೆ ಬಂದಂತೆ ಬದಲಿಸುವುದರಿಂದ ಅದೃಷ್ಟವನ್ನೂ ನಂಬಬೇಕು. ಎಲ್ಲಾ ಮಾರಿ ಮಾರಿ ಚೀಲದ ತುಂಬ ಚಿನ್ನದ ನಾಣ್ಯ, ಕೊಳ್ಳಲು ಬೇಕಾದದ್ದೇ ಇಲ್ಲ.

ಬೇರೆ ಕ್ಲಾಸ್‌ಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಆರು ಫೈಟರ್: ಸುಲಭ, ಬೇಜಾರು, ಮದ್ದಿಗೇ ದುಡ್ಡು ಸುರಿಯಬೇಕು. ಆರು ಥೀಫ್: ಬಚ್ಚಿಟ್ಟುಕೊಂಡು ಬೆನ್ನಿಗೆ ಇರಿದರೆ ಏಟು ಎರಡು ಪಟ್ಟಿನಿಂದ ಶುರುವಾಗಿ ಐದು ಪಟ್ಟಿನವರೆಗೂ ಹೋಗುತ್ತದೆ. ಮಜಾ ಇದೆ, ಆದರೆ ಒಂದು ಸಲ ಇರಿದು ಮತ್ತೆ ಅಡಗಲು ಓಡುವುದರಲ್ಲೇ ರಾತ್ರಿ ಕಳೆಯುತ್ತದೆ. ಆರು ಮೇಜ್: ಮೊದಲ ನಾಲ್ಕು ಲೆವೆಲ್ ನರಕ. ಐದಕ್ಕೆ ‘ಫೈರ್‌ಬಾಲ್’ ಬಂದ ದಿನ ಹಬ್ಬ, ನಮ್ಮವರ ಮೇಲೇ ಬಿದ್ದರೆ ತಿಥಿ.

ಗೇಮ್ ಬಗ್ಗೆ ಒಂದೆರಡು ಮಾತು. ನನ್ನದು ಗಿಣಿಗೇರಿ ಕಡೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಯಾವಾಗ ಬೇಕಾದರೂ ನಿಲ್ಲಿಸಿ ಎದ್ದು ಹೋಗುವಂಥ ಗೇಮ್ ಬೇಕು. ಇದರಲ್ಲಿ ಸ್ಪೇಸ್ ಬಾರ್ ಒತ್ತಿದರೆ ಕಾಳಗವೇ ನಿಲ್ಲುತ್ತದೆ. ನಿಲ್ಲಿಸಿಟ್ಟುಕೊಂಡೇ ಆರು ಜನರಿಗೂ ಆಜ್ಞೆ ಕೊಡಬಹುದು. ಇಂಟರ್ನೆಟ್ ಬೇಡ, ಜಾಹೀರಾತು ಇಲ್ಲ. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಆಡಲು 150 ಜಿಬಿ ಜಾಗ ಬೇಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವನು ಅದನ್ನು ಇಳಿಸಿಕೊಳ್ಳುವುದು ಯಾವಾಗ? ಅಲ್ಲಿ ಪಾರ್ಟಿಗೆ ನಾಲ್ಕೇ ಜನ. ಜೊತೆಗೆ ಬರುವವರೆಲ್ಲ ತಮ್ಮ ತಮ್ಮ ಕಥೆ ಹೊತ್ತು ಬರುತ್ತಾರೆ. ವಿದರ್ಸ್ ಎಂಬ ಪಾತ್ರಕ್ಕೆ 100 ಚಿನ್ನದ ನಾಣ್ಯ ಕೊಟ್ಟು ಅವರ ಕ್ಲಾಸ್ ಬದಲಿಸಬಹುದು, ಅಂದರೆ ಒಂದೇ ಕ್ಲಾಸ್ ಪಾರ್ಟಿ ಅಲ್ಲೂ ಆಗುತ್ತದೆ. ಐಸ್‌ವಿಂಡ್ ಡೇಲ್‌ನಲ್ಲಿ ನಾವು ಕಟ್ಟಿದವರು ತಮ್ಮಲ್ಲಿ ಮಾತಾಡುವುದೇ ಇಲ್ಲ. ಕೆಲವರಿಗೆ ಇದು ದೊಡ್ಡ ಕೊರತೆ. ನನಗೆ ಆ ಖಾಲಿ ಜಾಗ ಇಷ್ಟ, ಹುಲಿಗೆಮ್ಮ ಏನಂದಾಳು ಅಂತ ನಾನೇ ಅಂದುಕೊಳ್ಳುತ್ತೇನೆ.

ತೊಂದರೆಗಳೂ ಇವೆ. ಇಕ್ಕಟ್ಟು ದಾರಿಯಲ್ಲಿ ಆರು ಜನ ಒಬ್ಬರಿಗೊಬ್ಬರು ಅಡ್ಡ ನಿಂತು ಒದ್ದಾಡುತ್ತಾರೆ. ಮಾತು ಕಮ್ಮಿ, ಹೊಡೆದಾಟ ಜಾಸ್ತಿ. ಕಥೆ ಒಂದೇ ಸಾಲಿನಲ್ಲಿ ಸಾಗುತ್ತದೆ, ಸುತ್ತಾಡಲು ಆಯ್ಕೆ ಕಡಿಮೆ. ಕನ್ನಡ ಇಲ್ಲ, ಓದಬೇಕಾದ ಇಂಗ್ಲಿಷ್ ತುಂಬಾ ಇದೆ. ಮೊಬೈಲ್ ಪರದೆಯ ಮೇಲೆ ಬೆರಳಿನಿಂದ ಸರಿಯಾದ ಶತ್ರುವನ್ನು ಮುಟ್ಟುವುದು ಕಷ್ಟ, ಹಾಗಾಗಿ ಲ್ಯಾಪ್‌ಟಾಪ್ ಇದ್ದರೆ ಅದರಲ್ಲೇ ಆಡಿ. ಕವಚದ ಅಂಕ ಕಡಿಮೆಯಾದಷ್ಟೂ ಒಳ್ಳೆಯದು ಎಂಬ ಹಳೇ ನಿಯಮ ಹೊಸಬರ ತಲೆ ಕೆಡಿಸುತ್ತದೆ.

ಹೊಸಬರು ಮೊದಲ ಸಲವೇ ಒಂದೇ ಕ್ಲಾಸ್ ಪಾರ್ಟಿ ಕಟ್ಟಬಹುದಾ? ಕ್ಲೆರಿಕ್ ಆದರೆ ಧೈರ್ಯವಾಗಿ ಕಟ್ಟಿ. ತೀರಾ ಕಷ್ಟ ಅನಿಸಿದರೆ ಪಾರ್ಟಿಯವರು ಸಾಯದಂತೆ ಮಾಡುವ ‘ಸ್ಟೋರಿ ಮೋಡ್’ ಇದೆ. ಆರೂ ಜನರಿಗೆ ವಿಸ್ಡಮ್ 18 ಇಡಿ, ಇಬ್ಬರಿಗಾದರೂ ಸ್ಟ್ರೆಂತ್ ಚೆನ್ನಾಗಿರಲಿ, ಇಲ್ಲದಿದ್ದರೆ ಪೆಟ್ಟಿಗೆ ಒಡೆಯುವವರೇ ಇರುವುದಿಲ್ಲ. ಮೇಜ್ ಬೇಕೇ ಬೇಕು ಅನ್ನುವವರು ಮೊದಲು ಒಂದು ಮಾಮೂಲಿ ಪಾರ್ಟಿಯಲ್ಲಿ ವೇಲ್ ಆಫ್ ಶಾಡೋಸ್ ದಾಟಿ ನೋಡಿ. ಈ ಎಲ್ಲಾ ಮಾತು ಕೇಳಿಸಿಕೊಂಡ ಅಳಿಯ ಆರೂ ಜನ ಬಾರ್ಡ್, ಅಂದರೆ ಹಾಡುಗಾರರನ್ನೇ ಆರಿಸಿ ಕೂತಿದ್ದಾನೆ. ಈಸ್ಟ್‌ಹೇವನ್‌ನ ಗಾಬ್ಲಿನ್‌ಗಳೇ ಸದ್ಯ ಅವನನ್ನು ಅಟ್ಟಾಡಿಸುತ್ತಿವೆ.