ಗ್ರೌಂಡ್ ಬೀಗದ ಕೈ ಇಟ್ಟುಕೊಂಡವನಿಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಚಳಿ ಶುರುವಾಯಿತೆಂದರೆ ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಟೆನಿಸ್ ಬಾಲ್ ಟೂರ್ನಿಯ ಪೋಸ್ಟರ್ ಅಂಟಿಸುತ್ತಾರೆ. ನೀವೂ ಒಂದು ಟೂರ್ನಿ ಮಾಡೋಣ ಅಂತ ಹೊರಟಿದ್ದರೆ ಸ್ವಲ್ಪ ನಿಲ್ಲಿ. 2025ರ ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆಯ ಹುಡುಗರೆಲ್ಲ ಸೇರಿ ಕ್ರಿಕೆಟ್ ಟೂರ್ನಿ, ಅದು ಮುಗಿದ ಮೇಲೆ ಸಂಜೆ ಆರ್ಕೆಸ್ಟ್ರಾ ಅಂತ ಇಟ್ಟುಕೊಂಡಿದ್ದೆವು. ಎರಡೂ ನಡೆಯಲಿಲ್ಲ. ದುಡ್ಡು ಹೋಗಿದ್ದು ಒಂದು ಕಡೆ. ಕೋಲಾರ, ತುಮಕೂರಿನಿಂದ ಟೆಂಪೊ ಮಾಡಿಕೊಂಡು ಬಂದ ಟೀಮುಗಳ ಎದುರು ಮಾನವೂ ಹೋಯಿತು.

ಆ ಮೈದಾನವನ್ನು ‘ನೋಡಿಕೊಳ್ಳುವ’ ಒಬ್ಬ ಮನುಷ್ಯ ಇದ್ದಾನೆ. ಬೆಳಿಗ್ಗೆ ಮಕ್ಕಳಿಗೆ ಕೋಚಿಂಗ್ ಕೊಡುತ್ತಾನೆ. ಪಿಚ್‌ಗೆ ನೀರು ಹಾಕಿಸುತ್ತಾನೆ. ರೋಲರ್ ಅವನದು, ಮ್ಯಾಟ್ ಅವನದು, ಗೇಟಿನ ಬೀಗದ ಕೈ ಕೂಡ ಅವನ ಹತ್ತಿರವೇ. ಏರಿಯಾದವರಿಗೆಲ್ಲ ಗುರುತಿನ ಮುಖ. “ಪರ್ಮಿಷನ್ ತಲೆಬಿಸಿ ನಿಮಗ್ಯಾಕಣ್ಣ? ಬಿಬಿಎಂಪಿನೇ ಹೋಯ್ತು, ಈಗ ಯಾವ ಆಫೀಸಿಗೆ ಹೋಗಬೇಕು ಅಂತಾನೇ ನಿಮಗೆ ಗೊತ್ತಾಗಲ್ಲ. ಸ್ಟೇಷನ್, ಲೈಟು, ಮೈಕು ಎಲ್ಲಾ ಸೇರಿಸಿ ನಾನೇ ಮಾಡಿಸಿಕೊಡ್ತೀನಿ” ಅಂದ.

ಅವನ ಮಾತಲ್ಲಿ ಅರ್ಧ ನಿಜವಿತ್ತು, ಅದೇ ತೊಂದರೆ. ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ನಗರ ಪಾಲಿಕೆ ಬಂದಿದ್ದವು. ನಮ್ಮ ವಾರ್ಡು ಯಾವ ಪಾಲಿಕೆಗೆ ಬರುತ್ತೆ ಅಂತ ಆಗ ಕೇಳಿದರೆ ಮನೆಗೊಬ್ಬರು ಒಂದೊಂದು ಉತ್ತರ ಹೇಳುತ್ತಿದ್ದರು. ಇಂಥ ಹೊತ್ತು ಮಧ್ಯವರ್ತಿಗಳಿಗೆ ಸುಗ್ಗಿ.

ದುಡ್ಡು ಅವನ ಸ್ವಂತ ನಂಬರಿಗೆ ಹೋಯಿತು. ರಸೀದಿ ಕೇಳಿದ್ದಕ್ಕೆ ಒಂದು ಸ್ಪೋರ್ಟ್ಸ್ ಕ್ಲಬ್ಬಿನ ಲೆಟರ್‌ಹೆಡ್ ಮೇಲೆ ಬರೆದು, ಗುಂಡನೆ ಸೀಲು ಒತ್ತಿ ಕೊಟ್ಟ. ಸೀಲು ಕಂಡರೆ ನಮ್ಮ ಜನಕ್ಕೆ ಅದೇನೋ ಸಮಾಧಾನ.

ಟೂರ್ನಿಯ ದಿನ ಬೆಳಿಗ್ಗೆ ಹೋದರೆ ಮೈದಾನದಲ್ಲಿ ಬೇರೆಯವರ ಶಾಮಿಯಾನ ಎದ್ದಿತ್ತು. ಅವರದ್ದೂ ರಾಜ್ಯೋತ್ಸವವೇ. ಪಾಲಿಕೆಯ ಪತ್ರ, ದುಡ್ಡು ಕಟ್ಟಿದ ಚಲನ್, ಪೊಲೀಸ್ ಅನುಮತಿ ಎಲ್ಲವನ್ನೂ ಫೈಲ್ ಮಾಡಿ ಇಟ್ಟುಕೊಂಡಿದ್ದರು. ಜಗಳ ಆಡೋಕೂ ಬಾಯಿಲ್ಲ. ನಮ್ಮ ಆಸಾಮಿಯ ಫೋನ್ ಸ್ವಿಚ್ ಆಫ್.

ಮಧ್ಯಾಹ್ನ ಬಂದ. ಮುಖದಲ್ಲಿ ಒಂಚೂರೂ ಅಳುಕಿಲ್ಲ. ಆರ್ಕೆಸ್ಟ್ರಾ ಆದ್ರೂ ಮಾಡೋಣ ಅಂತ ಹತ್ತಿರದ ಖಾಲಿ ಜಾಗ ತೋರಿಸಿದ. ಕರೆಂಟ್ ಬೀದಿ ದೀಪದ ಕಂಬದಿಂದ ಎಳೆದುಕೊಳ್ಳೋಣ ಅಂದ. ಅದು ವಿದ್ಯುತ್ ಕಳ್ಳತನ, ಮಳೆ ಬಂದರೆ ಜೀವಕ್ಕೇ ಅಪಾಯ. ಜನರೇಟರ್ ತರಿಸಿದೆವು. ಸೌಂಡ್ ಚೆಕ್ ಮುಗಿಯುವಷ್ಟರಲ್ಲಿ ಪೊಲೀಸರು ಬಂದು ನಿಲ್ಲಿಸಿದರು. ಮೈಕಿಗೆ ಅನುಮತಿ ಪತ್ರವೇ ಇರಲಿಲ್ಲ, ಜೊತೆಗೆ ಜಾಗದ ಹಿಂದೆಯೇ ಆಸ್ಪತ್ರೆ. ಅವರು ಮಾಡಿದ್ದು ಸರಿಯೇ. ಕಲಾವಿದರಿಗೆ ಮಾತ್ರ ಪೂರ್ತಿ ಸಂಭಾವನೆ ಕೊಟ್ಟು ಕಳಿಸಿದೆವು, ಅವರ ತಪ್ಪೇನಿದೆ?

ಇದೆಲ್ಲ ಆದ ಮೇಲೆ ವಿಚಾರಿಸಿ ತಿಳಿದುಕೊಂಡಿದ್ದನ್ನು ಹೇಳುತ್ತೇನೆ. ಮೊದಲು ಆ ಮೈದಾನ ಯಾರದ್ದು ಅಂತ ಕೇಳಿ. ನೋಡೋಕೆ ಎಲ್ಲಾ ಒಂದೇ ಥರ ಇರುತ್ತವೆ, ಮಾಲೀಕರು ಬೇರೆ ಬೇರೆ. ಕೆಲವು ಪಾಲಿಕೆಯದ್ದು. ಕೆಲವು ಬಿಡಿಎ ಬಡಾವಣೆಯದ್ದು, ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿರುವುದಿಲ್ಲ. ಕೆಲವು ಸರ್ಕಾರಿ ಶಾಲೆಯದ್ದು, ಕೆಲವು ಕಂದಾಯ ಇಲಾಖೆಯದ್ದು. ಸ್ಟೇಡಿಯಂ ಆದರೆ ಕ್ರೀಡಾ ಇಲಾಖೆಯನ್ನೇ ಕೇಳಬೇಕಾಗಬಹುದು. ತಪ್ಪು ಆಫೀಸಿನಿಂದ ತಂದ ಪತ್ರ ಪತ್ರವೇ ಅಲ್ಲ. ಸಮಯ ಇದ್ದರೆ ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು ಅಂತ ಕಾನೂನೇ ಇದೆ. ಅಷ್ಟು ಸಮಯ ಇಲ್ಲದಿದ್ದರೆ ವಾರ್ಡ್ ಎಂಜಿನಿಯರ್ ಆಫೀಸಿನಲ್ಲಿ ಕೇಳಿ.

ಉದ್ಯಾನ, ಆಟದ ಮೈದಾನ ಉಳಿಸೋಕೆ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೇ ಇದೆ. ಬೆಂಗಳೂರಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ನರ್ಸಿಂಗ್ ಹೋಮ್‌ಗೆ ಕೊಟ್ಟಿದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟೇ ತಪ್ಪು ಅಂದಿತು. ಬಿಡಿಎ ಕೊಟ್ಟಿದ್ದೇ ನಿಲ್ಲಲಿಲ್ಲ ಅಂದಮೇಲೆ ರೋಲರ್ ಇಟ್ಟುಕೊಂಡವನು ಅದನ್ನು ಬಾಡಿಗೆಗೆ ಕೊಡುತ್ತೇನೆ ಅನ್ನೋದಕ್ಕೆ ಏನು ಬೆಲೆ?

ಮೈದಾನ ಸಿಕ್ಕಿತು ಅಂದರೆ ಕೆಲಸ ಮುಗಿಯಿತು ಅಂತಲ್ಲ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇರೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಮೈಕ್ ಹಾಕುವಂತಿಲ್ಲ. ಹಬ್ಬಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಮಾತ್ರ. ‘ಹನ್ನೆರಡರವರೆಗೂ ನಾನು ನೋಡ್ಕೋತೀನಿ’ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಿರಬಹುದು, ಜಾಗ ಒಪ್ಪಿಕೊಳ್ಳುವ ಮುಂಚೆ ಸುತ್ತಮುತ್ತ ಒಮ್ಮೆ ನಡೆದು ನೋಡಿ.

2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು. ನಮ್ಮಂಥ ಸಣ್ಣ ಕಾರ್ಯಕ್ರಮಕ್ಕೂ ಎಷ್ಟು ಜನ ಬರ್ತಾರೆ, ಗೇಟ್ ಎಷ್ಟು, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತೆ ಅಂತ ಸ್ಟೇಷನ್ನಿನಲ್ಲಿ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಉತ್ತರ ಬರೆದುಕೊಂಡೇ ಹೋಗಿ. ಕರೆಂಟಿಗೆ ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ. ಫ್ಲೆಕ್ಸ್ ಆಸೆ ಬಿಡಿ. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಊರಿಡೀ ಫ್ಲೆಕ್ಸ್ ಕಿತ್ತಿದ್ದು ನೆನಪಿದೆ ಅಲ್ವಾ?

ದುಡ್ಡು ಕಟ್ಟುವುದಾದರೆ ಆಫೀಸಿನ ಹೆಸರಿಗೇ ಚಲನ್ ಅಥವಾ ಡಿ.ಡಿ. ಇರಲಿ. ಡಿಪಾಸಿಟ್ ಯಾವಾಗ ವಾಪಸ್ ಅಂತ ಬರೆಸಿಕೊಳ್ಳಿ. ತಾರೀಖು, ಸಮಯ, ಮೈದಾನದ ಹೆಸರು ಇರುವ ಆದೇಶದ ಪ್ರತಿ ಕೈಗೆ ಬರುವವರೆಗೆ ಟೀಮುಗಳಿಂದ ಎಂಟ್ರಿ ಫೀ ತೆಗೆದುಕೊಳ್ಳಬೇಡಿ, ಪೋಸ್ಟರ್ ಪ್ರಿಂಟ್‌ಗೂ ಕೊಡಬೇಡಿ.

ನಮ್ಮ ದುಡ್ಡಿನ ಕತೆ ಕೇಳಿ. ವಾಪಸ್ ಕೊಡು ಅಂದಾಗ ಅವನು ಅದೇ ರಸೀದಿಯನ್ನು ನಮಗೆ ಓದಿ ತೋರಿಸಿದ. ‘ಪಿಚ್ ನಿರ್ವಹಣೆಗೆ ವಂತಿಗೆ’ ಅಂತ ಬರೆದಿತ್ತು. ಬಾಡಿಗೆ, ಬುಕಿಂಗ್, ಪರ್ಮಿಷನ್ ಅನ್ನೋ ಮಾತೇ ಎಲ್ಲೂ ಇಲ್ಲ. ವಂತಿಗೆ ಯಾರಾದ್ರೂ ವಾಪಸ್ ಕೇಳ್ತಾರಾ ಅಂತ ನಮ್ಮನ್ನೇ ಕೇಳಿದ! ಏರಿಯಾದ ಹಿರಿಯರು ಕೂತು ಮಾತಾಡಿದ ಮೇಲೆ ಸ್ವಲ್ಪ ಕೊಟ್ಟ. ಉಳಿದದ್ದಕ್ಕೆ ದೂರು ಕೊಟ್ಟಿದ್ದೇವೆ. ಟೀಮುಗಳ ಎಂಟ್ರಿ ಫೀಯನ್ನು ನಾವೇ ಕೈಯಿಂದ ಹಾಕಿ ತೀರಿಸಿದೆವು. ಅವನು ಆಮೇಲೂ ಸಂಕ್ರಾಂತಿ ಟೂರ್ನಿಗೆ ಅಂತ ಅದೇ ಮೈದಾನಕ್ಕೆ ಬುಕಿಂಗ್ ತೆಗೆದುಕೊಳ್ಳುತ್ತಿದ್ದ.