ಹಂಚು ಇಳಿಸಿ ಹೊದೆಸುವ ಬಣ್ಣದ ಗ್ಯಾಲ್ವಲ್ಯೂಮ್ ಶೀಟು: ಸರಕು ಚೆನ್ನ, ಕೆಲಸ ನೋಡಿಕೊಳ್ಳಿ

ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಂಗಳೂರು ಹಂಚಿನ ಮಾಡು ಬಿಚ್ಚಿ ಗ್ಯಾಲ್ವಲ್ಯೂಮ್ ಶೀಟು, ಅಂದರೆ ಅಲ್ಯೂಮಿನಿಯಂ-ಸತು ಲೇಪದ ಉಕ್ಕಿನ ಹಾಳೆ, ಹೊದೆಸುವುದು ಈಗ ಮಾಮೂಲಿ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ಆಳು ಸಿಗುವುದಿಲ್ಲ, ಮಂಗನ ಕಾಟ ಬೇರೆ. ಶೀಟಿನ ಬಗ್ಗೆ ನಮಗೆ ದೊಡ್ಡ ತಕರಾರಿಲ್ಲ. ತಕರಾರಿರುವುದು ಅದನ್ನು ಹೊದೆಸುವ ರೀತಿಯ ಬಗ್ಗೆ. ಹಂಚಿನ ಮಾಡು ತನ್ನ ಭಾರಕ್ಕೇ ಕೂತಿರುತ್ತದೆ, ಶೀಟಿನ ಮಾಡನ್ನು ಕಟ್ಟಿಹಾಕಬೇಕು.

ಲೆಕ್ಕ ನೋಡಿ. ಒಂದು ಚದರ ಮೀಟರಿಗೆ ಸುಮಾರು 15 ಹಂಚು, ತೂಕ 40 ಕೆಜಿಯ ಹತ್ತಿರ. ಅಷ್ಟೇ ಜಾಗಕ್ಕೆ 0.5 ಮಿಮೀ ಶೀಟು ನಾಲ್ಕೂವರೆ ಕೆಜಿ ಆಸುಪಾಸು. ಕಟ್ಟಡದ ಮೇಲಿನ ಗಾಳಿಯ ಭಾರ ಲೆಕ್ಕಹಾಕುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಮಂಗಳೂರಿಗೆ ಹೇಳುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್ (ಬೆಂಗಳೂರಿಗೆ 33). ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ 90 ಕೆಜಿ ದಾಟುತ್ತದೆ. ಸೂರಿನ ಅಂಚಿನಲ್ಲಿ, ಮೂಲೆಗಳಲ್ಲಿ ಮೇಲಕ್ಕೆಳೆಯುವ ಬಲ ನಡುಮಾಡಿಗಿಂತ ಜೋರು. ಹಳೆಯ ಮನೆಗಳಲ್ಲಿ ಪಕ್ಕಾಸು (ಮಾಡು ಹೊರುವ ಇಳಿಜಾರಿನ ಮರದ ತೊಲೆ) ಕೂತ ಮರದ ಅಡ್ಡ ಕೆಂಪುಕಲ್ಲಿನ ಗೋಡೆಯ ಮೇಲೆ ಸುಮ್ಮನೆ ಇಟ್ಟದ್ದು, ಬೋಲ್ಟು ಇರುವುದಿಲ್ಲ. ಅದರ ಮೇಲೆಯೇ ಶೀಟು ಬಿಗಿದರೆ ಶೀಟು ಕಿತ್ತು ಹೋಗುವುದಿಲ್ಲ, ಪಕ್ಕಾಸು ಸಮೇತ ಇಡೀ ಮಾಡೇ ಏಳುತ್ತದೆ.

ಕೆಂಪುಕಲ್ಲಿಗೆ ನೇರವಾಗಿ ಆಂಕರ್ ಬೋಲ್ಟು ಹೊಡೆದರೆ ಹಿಡಿಯುವುದಿಲ್ಲ, ಕಲ್ಲು ಪುಡಿಯಾಗುತ್ತದೆ. ಗೋಡೆಯ ತಲೆಯ ಮೇಲೆ ನಾಲ್ಕಿಂಚಿನ ಕಾಂಕ್ರೀಟ್ ಬೆಲ್ಟ್, ಒಳಗೆ 10 ಮಿಮೀ ಸರಳು ಎರಡು, ನಾಲ್ಕಡಿಗೊಂದರಂತೆ 12 ಮಿಮೀ ಬೋಲ್ಟು ಮೊದಲೇ ಇಟ್ಟು ಸುರಿದರೆ ಸಾಧಾರಣ ಮನೆಗೆ ಗಟ್ಟಿ ಹಿಡಿತ ಸಿಗುತ್ತದೆ. ಗುಡ್ಡದ ತಲೆಯಲ್ಲೋ ಕಡಲ ದಂಡೆಯಲ್ಲೋ ಮನೆಯಿದ್ದರೆ ಎಂಜಿನಿಯರ್ ಒಬ್ಬರಿಂದ ಲೆಕ್ಕ ಹಾಕಿಸಿ. ಕೊಟೇಶನ್ನಿನಲ್ಲಿ ಈ ಬೆಲ್ಟ್ ಇರುವುದೇ ಕಡಿಮೆ. ಕೇಳಿದರೆ "ಅದೆಲ್ಲ ಬೇಡ ಸಾರ್" ಎನ್ನುವವರಿಗೆ ಕೆಲಸ ಕೊಡಬೇಡಿ.

ಪರವಾನಗಿಯ ವಿಷಯದಲ್ಲಿ ಊರಿಗೊಂದು ಮಾತು ಕೇಳಿಬರುತ್ತದೆ. ಕೇಂದ್ರದ 2016ರ ಮಾದರಿ ಕಟ್ಟಡ ಉಪವಿಧಿಗಳ ಪ್ರಕಾರ ಅದೇ ಎತ್ತರದಲ್ಲಿ ಮಾಡು ಹೊಸದಾಗಿ ಹೊದೆಸಲು ಅನುಮತಿ ಬೇಡ. ಆದರೆ ಅದು ಬರೀ ಮಾದರಿ. ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ ಕಟ್ಟಡ ಕಟ್ಟಲು, ಮಾರ್ಪಡಿಸಲು ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಕೇಳುತ್ತದೆ. ಹಂಚಿನ ಬದಲು ಹಂಚು ಹೊದೆಸಿದರೆ ಅದು ದುರಸ್ತಿ. ಗೋಡೆ ಎರಡಡಿ ಏರಿಸಿ ಶೀಟು ಹಾಕಿದರೆ, ಸೂರನ್ನು ಪಕ್ಕದವರ ಗಡಿಯತ್ತ ಚಾಚಿದರೆ ಅದು ಮಾರ್ಪಾಡು. ಹಂಚು ಬಿಚ್ಚುವ ಮೊದಲೇ ಪಿಡಿಓ ಹತ್ತಿರ ಹೋಗಿ, ಮನೆಯ ಖಾತೆಯ ಪ್ರತಿ, ತೆರಿಗೆ ರಶೀದಿ, ಈಗಿನ ಮಾಡಿನ ಫೋಟೊ ಇಟ್ಟು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪಟ್ಟಣದಲ್ಲಾದರೆ ಪುರಸಭೆ ಇಲ್ಲವೇ ಪಾಲಿಕೆ. ಕಡಲ ಬದಿಯ ಮನೆಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬೇರೆ ಇದೆ, ಅಲ್ಲಿ ಒಂದಡಿ ಏರಿಸುವುದಕ್ಕೂ ಮೊದಲು ಕೇಳಿ. ಮನೆಯ ಮೇಲೆ ಮೆಸ್ಕಾಂ ತಂತಿ ಹಾದಿದ್ದರೆ ಮಾಡಿನ ನೆತ್ತಿಯಿಂದ ನೆಟ್ಟಗೆ 2.5 ಮೀಟರ್, ಬದಿಯಿಂದ 1.2 ಮೀಟರ್ ಅಂತರ ಉಳಿಯಬೇಕು. ಇದು ಮಾಮೂಲಿ ಮನೆ ಲೈನಿನ ಮಾತು, ಹೈಟೆನ್ಷನ್‌ಗೆ ನೆಟ್ಟಗಿನ ಅಂತರ ಇನ್ನೂ ಜಾಸ್ತಿ.

ಇನ್ನು ಖರೀದಿ. ಅಂಗಡಿಯವರು ಹೇಳುವ 0.5 ಮಿಮೀ ಬಣ್ಣ, ಲೇಪ ಎಲ್ಲ ಸೇರಿದ ದಪ್ಪ. ಒಳಗಿನ ಉಕ್ಕು 0.42ರ ಹತ್ತಿರ ಇರುತ್ತದೆ. "ಬಿಎಂಟಿ (ಲೇಪ ಬಿಟ್ಟು ಬರೀ ಉಕ್ಕಿನ ದಪ್ಪ) ಎಷ್ಟು?" ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿ. ಲೇಪ ಎಝಡ್150 ಇರಲಿ, ಅಂದರೆ ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ ಅಲ್ಯೂಮಿನಿಯಂ-ಸತು. ಗುರುತು ಐಎಸ್ 15965. ಮೂರೂವರೆ ಅಡಿ ಅಗಲದ ಶೀಟು ಅಂಚು ಅಂಚಿನ ಮೇಲೆ ಕೂತಾಗ ಮುಚ್ಚುವುದು ಒಂದು ಮೀಟರ್ ಮಾತ್ರ, ದುಡ್ಡು ಪೂರ್ತಿ ಅಗಲಕ್ಕೆ. ನೆಲದ ಲೆಕ್ಕದಲ್ಲಿ ಸೂರು ಸೇರಿ 1,200 ಚದರಡಿ ಇರುವ, 30 ಡಿಗ್ರಿ ಇಳಿಜಾರಿನ ಮಾಡಿಗೆ 1,480 ಚದರಡಿ ಶೀಟು ಬೇಕು, ನೆತ್ತಿಯ ಪಟ್ಟಿ ಬೇರೆ. ಸೂರಿನಿಂದ ನೆತ್ತಿಯವರೆಗೆ ಒಂದೇ ಉದ್ದದ ಶೀಟು ಕತ್ತರಿಸಿ ತರಿಸಿದರೆ ನಡುವೆ ಜೋಡಣೆಯೇ ಇರುವುದಿಲ್ಲ, ಅಲ್ಲಿಗೆ ಸೋರುವ ಜಾಗ ಒಂದು ಕಡಿಮೆ.

ಹೊದೆಸುವಾಗ ನೈಋತ್ಯ ಗಾಳಿ ಬಂದು ಬಡಿಯುವ ಬದಿಯಿಂದಲ್ಲ, ಅದರ ಆಚೆ ತುದಿಯಿಂದ ಶುರುಮಾಡಿ, ಆಗ ಜೋಡಣೆಯ ಬಾಯಿಗೆ ಮಳೆ ನುಗ್ಗುವುದಿಲ್ಲ. ಶೀಟು ಕೂರುವ ಅಡ್ಡ ಪೈಪುಗಳ ನಡುವೆ ನಾಲ್ಕಡಿ ಮೀರಬಾರದು. ಸ್ಕ್ರೂ ಉಬ್ಬಿನ ಮೇಲೆ ಬರಲಿ, ತಗ್ಗಿನಲ್ಲಲ್ಲ. ಸೂರು ಮತ್ತು ನೆತ್ತಿಯ ಸಾಲಿನಲ್ಲಿ ಪ್ರತಿ ಉಬ್ಬಿಗೂ ಒಂದು. ಸ್ಕ್ರೂವಿನ ಕೆಳಗಿನ ಕಪ್ಪು ರಬ್ಬರ್ ವಾಷರನ್ನೇ ಗಮನಿಸಿ: ಲೋಹದ ಬಿಲ್ಲೆಯ ಅಂಚಿನಲ್ಲಿ ಕೂದಲೆಳೆಯಷ್ಟು ಕಂಡರೆ ಸರಿ, ಅಣಬೆಯಂತೆ ಹೊರಗೆ ಉಬ್ಬಿದ್ದರೆ ಬಿಗಿ ಹೆಚ್ಚಾಗಿದೆ, ಕೆಲವು ಬೇಸಿಗೆಯಲ್ಲಿ ಸೀಳುತ್ತದೆ. ಶೀಟಿನ ಸೋರಿಕೆ ಬಹುಪಾಲು ಇಲ್ಲಿಂದಲೇ.

ಗ್ರೈಂಡರ್‌ನಲ್ಲಿ ಶೀಟು ಕತ್ತರಿಸಲು ಬಿಡಬೇಡಿ. ಕಿಡಿ ಬಿದ್ದಲ್ಲೆಲ್ಲ ಬಣ್ಣ ಸುಟ್ಟು ಒಂದೇ ಮಳೆಗೆ ಕಂದು ಚುಕ್ಕೆ ಏಳುತ್ತದೆ. ಕತ್ತರಿ ಸಾಕು. ಸ್ಕ್ರೂ ಹೊಡೆದ ಕಬ್ಬಿಣದ ಪುಡಿಯನ್ನು ಅದೇ ದಿನ ಗುಡಿಸಿಸಿ. ಗುರುತು ಹಾಕಲು ಸೀಸದಕಡ್ಡಿಯೂ ಬೇಡ, ಅದರ ಗ್ರಾಫೈಟ್ ಲೇಪವನ್ನು ತಿನ್ನುತ್ತದೆ. ಗೋಡೆಗೂ ಶೀಟಿಗೂ ನಡುವಿನ ಸಂದಿಗೆ ಸಿಮೆಂಟು ಮೆತ್ತುವ ಚಾಳಿಯಂತೂ ಎಲ್ಲ ಕಡೆ ಇದೆ. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ-ಸತುವನ್ನು ಕರಗಿಸುತ್ತದೆ. ಅಲ್ಲಿ ಲೋಹದ ಪಟ್ಟಿಯನ್ನೇ ಮಡಚಿ ಕೂರಿಸಬೇಕು.

ಸೆಕೆ ಮತ್ತು ಮಳೆಯ ಸದ್ದಿನಲ್ಲಿ ಹಂಚಿಗೆ ಶೀಟು ಸಾಟಿಯಲ್ಲ. ಕೆಳಗೆ ಸೀಲಿಂಗ್ ಇಲ್ಲದಿದ್ದರೆ ಆಷಾಢದ ಮಳೆಯಲ್ಲಿ ಫೋನಿನ ಮಾತು ಕೇಳಿಸದು. ಇಳಿಸಿದ ಹಂಚು ಬಿಸಾಡಬೇಡಿ, ಹಳೆಯದಕ್ಕೂ ಗಿರಾಕಿಯಿದ್ದಾರೆ.

ವಾರಂಟಿ ಕಾಗದದಲ್ಲಿ ಕಡಲಿನಿಂದ ಎಷ್ಟು ದೂರದವರೆಗೆ ಅನ್ವಯಿಸುವುದಿಲ್ಲ ಎಂಬ ಸಾಲನ್ನು ಮುಂಗಡ ಕೊಡುವ ಮೊದಲೇ ಓದಿ. ವಾರಂಟಿ ಇರುವುದು ಶೀಟಿಗೆ, ಬಿಗಿದವನ ಕೆಲಸಕ್ಕಲ್ಲ. ಹಾಗಾಗಿ ಕೊನೆಯ ಕಂತನ್ನು ಮೊದಲ ಜೋರು ಮಳೆ ಬಂದುಹೋಗುವವರೆಗೆ ತಡೆಹಿಡಿಯುವ ಮಾತನ್ನು ಬರವಣಿಗೆಯಲ್ಲಿ ಹಾಕಿಸಿ.