ಟವರ್ ಪಿಸಿ ಬಿಟ್ಟು ಮ್ಯಾಕ್ ಮಿನಿ: ಕೆಲವು ವರ್ಷ ಬಳಸಿದ ಮೇಲೆ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದ್ದಾದರೂ ಇರಬೇಕು. ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಯಂತ್ರಗಳು ಇಲ್ಲೇ ಔಟ್. ಹಾಗಾಗಿ ‘ಮ್ಯಾಕ್‌ಗೆ ಹೋಗಲಾ?’ ಅಂತ ಕೇಳುವವರು ಈಗ ಜಾಸ್ತಿ. ನಾನು ಅದಕ್ಕೂ ಮುಂಚೆಯೇ ಟವರ್ ಬಿಟ್ಟು, ಆಪಲ್‌ನದೇ ಎಂ1 ಚಿಪ್ ಇರುವ ಮ್ಯಾಕ್ ಮಿನಿ ಅನ್ನುವ ಪುಟ್ಟ ಡಬ್ಬಿಯಂಥ ಕಂಪ್ಯೂಟರ್ ತಗೊಂಡವನು. ಬರವಣಿಗೆ, ಫೋಟೊ, ಲೆಕ್ಕಪತ್ರ, ಆಗಾಗ ವಿಡಿಯೊ ಎಡಿಟಿಂಗ್ ಎಲ್ಲಾ ಇದರಲ್ಲೇ ನಡೆಯುತ್ತಿದೆ.

ಯಂತ್ರದ ಬಗ್ಗೆ ದೂರಿಲ್ಲ. ಒಳಗೆ ಫ್ಯಾನ್ ಇದೆ, ಆದರೆ ಸದ್ದು ಕೇಳಿಸುವುದೇ ಅಪರೂಪ. ಸುಮ್ನೆ ಆನ್ ಆಗಿ ಕೂತಾಗ ಸುಮಾರು 7 ವ್ಯಾಟ್, ಪೂರ್ತಿ ದುಡಿಸಿದರೆ 39 ವ್ಯಾಟ್ ಅಂತ ಆಪಲ್ ಕೊಟ್ಟಿರುವ ಲೆಕ್ಕ. ಟವರ್ ಬಳಸಿದವರಿಗೆ ಇದು ಎಷ್ಟು ಕಡಿಮೆ ಅಂತ ಗೊತ್ತಿರುತ್ತದೆ. ವೇಗದ ಬಗ್ಗೆ ಈಗಾಗಲೇ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಸೇರಿಸುವುದೇನಿಲ್ಲ.

ಯಾರೂ ಅಷ್ಟಾಗಿ ಹೇಳದ ವಿಷಯ ಮಾನಿಟರ್. ಮಿನಿ ಜೊತೆ ಪರದೆ ಬರುವುದಿಲ್ಲ, ಇರುವುದನ್ನೇ ಬಳಸಿಕೊಂಡರಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಲಸವೇನೋ ಮಾಡುತ್ತದೆ. ಆದರೆ ಕಡಿಮೆ ಪಿಕ್ಸೆಲ್‌ನ ಪರದೆಯಲ್ಲಿ ಅಕ್ಷರಗಳ ಅಂಚನ್ನು ಚೊಕ್ಕ ಮಾಡುತ್ತಿದ್ದ ಹಳೆಯ ತಂತ್ರವನ್ನು ಆಪಲ್ 2018ರಲ್ಲಿ ಮ್ಯಾಕ್‌ಓಎಸ್‌ನ (ಮ್ಯಾಕ್ ಓಡಿಸುವ ತಂತ್ರಾಂಶ) ಮೊಹಾವೆ ಆವೃತ್ತಿಯಲ್ಲಿ ಕೈಬಿಟ್ಟಿತು. 24 ಇಂಚಿನ 1080ಪಿ ಮಾನಿಟರ್‌ನಲ್ಲಿ ಇಂಗ್ಲಿಷ್ ಹೇಗೋ ಓದಿಕೊಂಡು ಹೋಗಬಹುದು. ಕನ್ನಡದಲ್ಲಿ ‘ರಾಷ್ಟ್ರ’ ಅಂತ ಟೈಪ್ ಮಾಡಿ ನೋಡಿ: ಷಕಾರದ ಕೆಳಗೆ ಟ, ಅದರ ಪಕ್ಕ ರ, ಅಷ್ಟು ಚಿಕ್ಕ ಜಾಗದಲ್ಲಿ ಎರಡೂ ಕಲಸಿಕೊಂಡು ಮಸಿ ಹರಡಿದ ಹಾಗೆ ಕಾಣುತ್ತವೆ. ಅದೇ ಪರದೆಗೆ ವಿಂಡೋಸ್ ಜೋಡಿಸಿದರೆ ಒತ್ತಕ್ಷರ ಇದಕ್ಕಿಂತ ಬಿಡಿಬಿಡಿಯಾಗಿ ಕಾಣುತ್ತದೆ. ಕೊನೆಗೆ 27 ಇಂಚಿನ 4ಕೆ ಮಾನಿಟರ್ ತಂದ ಮೇಲೆ ಕಣ್ಣಿಗೆ ಹಿತವಾಯಿತು. ಮಿನಿಯ ಬೆಲೆ ನೋಡುವಾಗ ಪರದೆಯ ಬೆಲೆಯನ್ನೂ ಕೂಡಿಸಿಕೊಳ್ಳಿ.

ಕೈಗೆ ಅಭ್ಯಾಸ ಆಗುವುದು ಇನ್ನೊಂದು ಕತೆ. ಕಂಟ್ರೋಲ್ ಜಾಗದಲ್ಲಿ ಕಮಾಂಡ್ ಒತ್ತುವುದು ಬೇಗ ಬರುತ್ತದೆ. ಕಾಡುವುದು ಚಿಕ್ಕಪುಟ್ಟವು. ಫೈಲ್ ಆರಿಸಿ ಎಂಟರ್ ಒತ್ತಿದರೆ ಅದು ತೆರೆಯುವುದಿಲ್ಲ, ಹೆಸರು ಬದಲಿಸಲು ಕಾದು ಕೂರುತ್ತದೆ. ಕೆಂಪು ಗುಂಡಿ ಒತ್ತಿದರೆ ಕಿಟಕಿ ಮುಚ್ಚುತ್ತದೆ, ಆದರೆ ಬಹಳಷ್ಟು ಆ್ಯಪ್‌ಗಳು ಹಿಂದೆ ಓಡುತ್ತಲೇ ಇರುತ್ತವೆ. ಫೈಲ್ ಕಟ್ ಮಾಡಿ ಬೇರೆ ಕಡೆ ಹಾಕಬೇಕಾದರೆ ಮೊದಲು ಕಾಪಿ ಮಾಡಿ, ಆಮೇಲೆ ಆಪ್ಷನ್, ಕಮಾಂಡ್, ವಿ ಮೂರನ್ನೂ ಒಟ್ಟಿಗೆ ಒತ್ತಬೇಕು. ಇದನ್ನು ಯಾರು ಯೋಚಿಸಿದರೋ!

ಕನ್ನಡ ಟೈಪಿಂಗ್‌ಗೆ ಇನ್‌ಸ್ಕ್ರಿಪ್ಟ್ ಮತ್ತು ಕ್ವರ್ಟಿ ಕೀಲಿಮಣೆಗಳು ಮ್ಯಾಕ್‌ನಲ್ಲೇ ಇವೆ. ತೊಂದರೆ ಇರುವುದು ಹಳೆಯ ಕಡತಗಳಲ್ಲಿ. ಯುನಿಕೋಡ್ ಬರುವ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದಿಟ್ಟದ್ದು, ಆ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಬರುತ್ತದೆ. ಹಳೆಯ ಪಿಸಿ ಇನ್ನೂ ಜೀವಂತ ಇರುವಾಗಲೇ ಅವನ್ನೆಲ್ಲ ಯುನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿದ್ದರೆ ಮ್ಯಾಕ್ ಅದನ್ನು ಓದುತ್ತದೆ, ಬರೆಯುವುದಿಲ್ಲ. ಎರಡೂ ಕಡೆ ಬಳಸುವ ಡಿಸ್ಕ್ ಆದರೆ ಎರಡಕ್ಕೂ ಹೊಂದುವ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬೇಕು, ಅದಕ್ಕೆ ಮುಂಚೆ ಒಳಗಿರುವುದನ್ನೆಲ್ಲ ಬೇರೆ ಕಡೆ ಸಾಗಿಸಬೇಕು. ಪ್ರಿಂಟರ್ ಏರ್‌ಪ್ರಿಂಟ್ (ಡ್ರೈವರ್ ಹಾಕದೆ ಮುದ್ರಿಸುವ ಆಪಲ್ ವ್ಯವಸ್ಥೆ) ಬೆಂಬಲಿಸಿದರೆ ತಲೆನೋವಿಲ್ಲ. ನನ್ನ ಹಳೆಯ ಲೇಸರ್ ಪ್ರಿಂಟರ್‌ಗೆ ಹೊಸ ಮ್ಯಾಕ್‌ಗೆ ಹೊಂದುವ ಡ್ರೈವರ್ ಸಿಗಲೇ ಇಲ್ಲ.

ಇಷ್ಟಕ್ಕೂ ನಿರ್ಧಾರ ಆಗಬೇಕಾದದ್ದು ಚಿಪ್ ನೋಡಿ ಅಲ್ಲ, ನಿಮ್ಮ ಪಿಸಿಗೆ ಏನೇನು ಅಂಟಿಕೊಂಡಿದೆ ಅಂತ ನೋಡಿ. ವಿಂಡೋಸ್‌ನಲ್ಲಿ ಮಾತ್ರ ಓಡುವ ಒಂದೇ ಒಂದು ಸಾಫ್ಟ್‌ವೇರ್ ಮೇಲೆ ದಿನದ ಕೆಲಸ ನಿಂತಿದ್ದರೆ ಮ್ಯಾಕ್ ಬೇಡ. ಇಂಟೆಲ್ ಚಿಪ್‌ನ ಹಳೆಯ ಮ್ಯಾಕ್‌ಗಳಲ್ಲಿ ವಿಂಡೋಸ್ ಹಾಕಿಕೊಳ್ಳಲು ಬೂಟ್ ಕ್ಯಾಂಪ್ ಅನ್ನುವ ಸೌಲಭ್ಯ ಇತ್ತು, ಆಪಲ್‌ನದೇ ಆದ ಈಗಿನ ಚಿಪ್‌ಗಳಲ್ಲಿ ಅದಿಲ್ಲ. ವರ್ಚುವಲ್ ಮಷಿನ್‌ನಲ್ಲಿ, ಅಂದರೆ ಮ್ಯಾಕ್ ಒಳಗೇ ಓಡುವ ಸಾಫ್ಟ್‌ವೇರ್ ಕಂಪ್ಯೂಟರ್‌ನಲ್ಲಿ, ಆರ್ಮ್ ಮಾದರಿಯ ಚಿಪ್‌ಗಳಿಗಾಗಿ ಇರುವ ವಿಂಡೋಸ್ ಓಡಿಸಬಹುದು, ಆದರೆ ದಿನವಿಡೀ ಅದರೊಳಗೇ ಇರುವುದಾದರೆ ಮ್ಯಾಕ್ ಯಾಕೆ ಬೇಕು, ಅಲ್ವಾ? ಗೇಮ್ ಆಡುವವರಿಗೂ ಇದೇ ಮಾತು.

ಬ್ರೌಸರ್, ಮೇಲ್, ಬರವಣಿಗೆ ಇಷ್ಟೇ ಸಾಕು ಅನ್ನುವವರಿಗೆ ಹೆಚ್ಚು ಖರ್ಚಿಲ್ಲದ ದಾರಿಯೂ ಇದೆ. ಹಳೆಯ ಟವರ್‌ಗೆ ಎಸ್‌ಎಸ್‌ಡಿ ಇಲ್ಲದಿದ್ದರೆ ಒಂದನ್ನು ಹಾಕಿ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಇನ್‌ಸ್ಟಾಲ್ ಮಾಡಿ. ನನ್ನ ಟವರ್ ಹಾಗೆಯೇ ಇನ್ನೂ ದುಡಿಯುತ್ತಿದೆ, ಮನೆಯವರೆಲ್ಲ ಅದನ್ನೇ ಬಳಸುತ್ತಾರೆ. ಟವರ್‌ನ ಒಂದು ಸುಖ ಮಿನಿಯಲ್ಲಿ ಸಿಗುವುದೇ ಇಲ್ಲ: ಮುಚ್ಚಳ ಬಿಚ್ಚಿ ರ‍್ಯಾಮ್ ಸೇರಿಸುವುದು. ಇಲ್ಲಿ ಕೊಳ್ಳುವಾಗ ಎಷ್ಟೋ ಅಷ್ಟೇ. ಎಂ1 ಮಿನಿ 8 ಅಥವಾ 16 ಜಿಬಿಯಲ್ಲಿ ಬರುತ್ತಿತ್ತು. 2024ರ ಎಂ4 ಮಿನಿಯಲ್ಲಿ ಶುರುವೇ 16. ಸ್ಟೋರೇಜ್ ಕಡಿಮೆ ಅನ್ನಿಸಿದರೆ ಹೊರಗಿನ ಎಸ್‌ಎಸ್‌ಡಿ ಸಾಕು, ರ‍್ಯಾಮ್‌ನಲ್ಲಿ ಮಾತ್ರ ಜಿಪುಣತನ ಬೇಡ.

ಸೆಕೆಂಡ್ ಹ್ಯಾಂಡ್ ನೋಡುವವರು ಇಂಟೆಲ್ ಮ್ಯಾಕ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ. ಮ್ಯಾಕ್‌ಓಎಸ್ 26 ಅವುಗಳಿಗೆ ಸಿಗುವ ಕೊನೆಯ ಆವೃತ್ತಿ ಅಂತ ಆಪಲ್ 2025ರಲ್ಲೇ ಹೇಳಿದೆ. ಅದೂ ಎಲ್ಲ ಇಂಟೆಲ್ ಮಾದರಿಗಳಿಗೆ ಬರುವುದಿಲ್ಲ.